ಇಸಿಜಿಯಿಂದ ಪೇಸ್‌ಮೇಕರ್ ತಪಾಸಣೆಯವರೆಗೆ: ಹೃದ್ರೋಗ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ

ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಆ ಅವಸರದಲ್ಲಿ ಎದೆಯ ಮೊದಲ ಎರಡು ಎಲೆಕ್ಟ್ರೋಡ್‌ಗಳು ಎರಡು ಬೆರಳಿನಷ್ಟು ಮೇಲೆ ಕೂತುಬಿಟ್ಟರೆ, ಆಗಿಲ್ಲದ ಹೃದಯಾಘಾತ ಕಾಗದದ ಮೇಲೆ ಮೂಡಬಹುದು. ಹೃದಯದ ಪರೀಕ್ಷೆಗಳಲ್ಲಿ ನಾವು ಕಾಣುವ ಎಷ್ಟೋ ತಪ್ಪುಗಳು ಯಂತ್ರದವಲ್ಲ, ರೋಗಿಯ ಮೈಗೂ ಯಂತ್ರಕ್ಕೂ ನಡುವಿನ ಒಂದೆರಡು ಅಡಿಯಲ್ಲಿ ಹುಟ್ಟುವವು. ವಾರ್ಡಿನ ನರ್ಸ್‌ಗಳಿಗೆ, ಹೊಸದಾಗಿ ಸೇರಿದ ಟೆಕ್ನೀಷಿಯನ್‌ಗಳಿಗೆ ಆ ಜಾಗದ ಕೆಲಸವನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ.

ಇಸಿಜಿ: ಜಾಗ ಹುಡುಕುವುದೇ ಅರ್ಧ ಕೆಲಸ

ರೋಗಿಯನ್ನು ತಲೆಯ ಕಡೆ ಸುಮಾರು 45 ಡಿಗ್ರಿ ಎತ್ತಿದ ಹಾಸಿಗೆಯಲ್ಲಿ ಒರಗಿಸಿ. ಕೈಗಳು ಪಕ್ಕದಲ್ಲಿ ಸಡಿಲವಾಗಿರಲಿ, ಕಾಲು ಮಂಚದ ಕಬ್ಬಿಣಕ್ಕೆ ತಾಗದಿರಲಿ. ಬೇರೆ ಭಂಗಿಯಲ್ಲಿ ತೆಗೆಯಲೇಬೇಕಾದರೆ, ಉದಾಹರಣೆಗೆ ಉಸಿರಾಟದ ತೊಂದರೆಯಿಂದ ನೆಟ್ಟಗೆ ಕೂತವರಿಗೆ, ಅದನ್ನು ಇಸಿಜಿಯ ಮೇಲೆಯೇ ಬರೆಯಿರಿ. ಭಂಗಿ ಬದಲಾದರೆ ಅಲೆಗಳ ಎತ್ತರವೂ ದಿಕ್ಕೂ ಬದಲಾಗುತ್ತವೆ. ನಾಳೆ ಎರಡನ್ನೂ ಪಕ್ಕದಲ್ಲಿಟ್ಟು ನೋಡುವವರಿಗೆ ಇದು ತಿಳಿದಿರಬೇಕು.

ಕೂದಲಿದ್ದರೆ ಒಪ್ಪಿಗೆ ಕೇಳಿ ಕತ್ತರಿಸಿ. ಬೆವರು, ಎಣ್ಣೆ, ಲೋಷನ್ ಇದ್ದರೆ ಒರೆಸಿ ಒಣಗಿಸಿ, ಒಣ ಗಾಜ್‌ನಿಂದ ಮೆಲ್ಲಗೆ ಉಜ್ಜಿ. ಚರ್ಮದ ಮೇಲಿನ ಸತ್ತ ಪದರ ಹೋದರೆ ಸಂಕೇತ ಸ್ವಚ್ಛವಾಗಿ ಬರುತ್ತದೆ. ಜೆಲ್ ಒಣಗಿದ ಹಳೆಯ ಎಲೆಕ್ಟ್ರೋಡ್ ಬಳಸಬೇಡಿ.

ಈಗ ಎದೆ. ಇಲ್ಲಿ ಹಚ್ಚುವ ಆರು ಎಲೆಕ್ಟ್ರೋಡ್‌ಗಳ ಹೆಸರು ವಿ1ರಿಂದ ವಿ6. ಕತ್ತಿನ ಕುಳಿಯಿಂದ ಎದೆಮೂಳೆಯ ಮೇಲೆ ಬೆರಳನ್ನು ಕೆಳಕ್ಕೆ ಜಾರಿಸಿದರೆ ಒಂದು ಅಡ್ಡ ಉಬ್ಬು ಸಿಗುತ್ತದೆ. ಅದರ ಪಕ್ಕಕ್ಕೆ ಎರಡನೇ ಪಕ್ಕೆಲುಬು, ಅದರ ಕೆಳಗಿನ ಸಂದು ಎರಡನೆಯದು. ಅಲ್ಲಿಂದ ಎಣಿಸುತ್ತಾ ನಾಲ್ಕನೇ ಸಂದಿಗೆ ಇಳಿಯಿರಿ. ಎದೆಮೂಳೆಯ ಬಲ ಅಂಚಿನಲ್ಲಿ ವಿ1, ಎಡ ಅಂಚಿನಲ್ಲಿ ವಿ2. ಮುಂದೆ ವಿ3 ಹಚ್ಚಬೇಡಿ, ವಿ4ಕ್ಕೆ ಹೋಗಿ: ಐದನೇ ಸಂದು, ಎಡ ಕಾಲರ್ ಬೋನಿನ ನಡುಬಿಂದುವಿನಿಂದ ನೇರ ಕೆಳಗೆ. ವಿ2 ಮತ್ತು ವಿ4ರ ನಟ್ಟನಡುವೆ ವಿ3. ವಿ5 ಕಂಕುಳಿನ ಮುಂದಿನ ಮಡಿಕೆಯ ನೇರಕ್ಕೆ, ವಿ6 ಕಂಕುಳಿನ ನಡುವಿನ ನೇರಕ್ಕೆ. ಇವೆರಡೂ ವಿ4ರ ಮಟ್ಟದಲ್ಲೇ ಅಡ್ಡಕ್ಕೆ ಸಾಗಬೇಕು. ಪಕ್ಕೆಲುಬಿನ ಸಂದನ್ನು ಹಿಡಿದು ಮೇಲಕ್ಕೆ ಬಾಗುತ್ತಾ ಹೋಗುವುದು ತುಂಬ ಕಾಣುವ ತಪ್ಪು. ಮಹಿಳೆಯರಲ್ಲಿ ವಿ4ರಿಂದ ವಿ6ರವರೆಗಿನವನ್ನು ಸ್ತನದ ಕೆಳಗೆ ಹಚ್ಚುವುದು ವಾಡಿಕೆ. ಏನು ಮಾಡುತ್ತೇವೆಂದು ಮೊದಲೇ ಹೇಳಿ, ಪರದೆ ಎಳೆದು, ಬೇಕೆಂದರೆ ಜೊತೆಗೊಬ್ಬರನ್ನು ನಿಲ್ಲಿಸಿಕೊಂಡೇ ಶುರುಮಾಡಿ. ಮೊಲೆತೊಟ್ಟನ್ನು ಗುರುತಾಗಿ ಇಟ್ಟುಕೊಳ್ಳಬೇಡಿ, ಅದು ಒಬ್ಬೊಬ್ಬರಲ್ಲಿ ಒಂದೊಂದು ಎತ್ತರದಲ್ಲಿರುತ್ತದೆ.

ವಿ1, ವಿ2 ಮೂರನೇ ಅಥವಾ ಎರಡನೇ ಸಂದಿಗೆ ಏರಿದರೆ ಆರ್ ಅಲೆ (ಬಡಿತದ ಮೇಲ್ಮುಖ ಮೊನಚು ಅಲೆ) ಸಣ್ಣದಾಗುತ್ತದೆ ಅಥವಾ ಮಾಯವಾಗುತ್ತದೆ. ಹೃದಯದ ಮುಂಭಾಗದಲ್ಲಿ ಹಳೆಯ ಹೃದಯಾಘಾತ ಆಗಿದೆಯೇನೋ ಎನ್ನಿಸುವ ಚಿತ್ರ ಬರುತ್ತದೆ. ವಿ1ರಲ್ಲಿ ಪಿ ಅಲೆ (ಬಡಿತದ ಮೊದಲ ಸಣ್ಣ ಅಲೆ) ಪೂರ್ತಿ ಕೆಳಮುಖವಾಗಿದ್ದರೆ ಮೊದಲು ಎಲೆಕ್ಟ್ರೋಡಿನ ಎತ್ತರವನ್ನು ಅನುಮಾನಿಸಿ.

ಕೈಕಾಲಿನ ನಾಲ್ಕನ್ನು ಮಣಿಕಟ್ಟು ಮತ್ತು ಪಾದದ ಗಂಟಿನ ಸ್ವಲ್ಪ ಮೇಲೆ ಹಚ್ಚಿ. ಭುಜ, ಸೊಂಟಕ್ಕೆ ಹಚ್ಚಿದರೆ ಅದನ್ನೂ ಬರೆಯಬೇಕು. ಬಣ್ಣದ ವಿಷಯದಲ್ಲಿ ಒಂದು ಅಪಾಯವಿದೆ. ಜಗತ್ತಿನಲ್ಲಿ ಎರಡು ಪದ್ಧತಿಗಳಿವೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಬಲಗೈ ಕೆಂಪು, ಎಡಗೈ ಹಳದಿ, ಎಡಗಾಲು ಹಸಿರು, ಬಲಗಾಲು ಕಪ್ಪು. ಅಮೆರಿಕದ ಪದ್ಧತಿಯಲ್ಲಿ ಬಲಗೈ ಬಿಳಿ, ಎಡಗೈ ಕಪ್ಪು, ಎಡಗಾಲು ಕೆಂಪು, ಬಲಗಾಲು ಹಸಿರು. ಕೆಂಪು, ಹಸಿರು, ಕಪ್ಪು ಎರಡರಲ್ಲೂ ಇವೆ, ಆದರೆ ಜಾಗ ಬೇರೆ. ಬೇರೆ ಕಡೆಯಿಂದ ಬಂದ ಯಂತ್ರಕ್ಕೆ ಕೈ ಹಾಕುವ ಮುನ್ನ ತಂತಿಯ ತುದಿಯ ಅಕ್ಷರ ಓದಿ.

ತಂತಿ ಅದಲುಬದಲಾದರೆ ಇಸಿಜಿಯಲ್ಲೇ ಗುರುತು ಸಿಗುತ್ತದೆ. ಎರಡು ಕೈಗಳದು ಬದಲಾದರೆ ಲೀಡ್ 1 (ಇಸಿಜಿಯ ಹನ್ನೆರಡು ಗೆರೆಗಳಲ್ಲಿ ಒಂದೊಂದೂ ಒಂದು ಲೀಡ್) ಪೂರ್ತಿ ತಲೆಕೆಳಗಾಗಿ, ಎವಿಆರ್ ಎಂಬ ಲೀಡ್ ಮೇಲ್ಮುಖವಾಗುತ್ತದೆ. ಹೃದಯ ಬಲಗಡೆಗಿರುವವರಲ್ಲೂ ಹೀಗೇ ಕಾಣುತ್ತದೆ, ಆದರೆ ಅವರಲ್ಲಿ ವಿ1ರಿಂದ ವಿ6ಕ್ಕೆ ಹೋಗುತ್ತಾ ಆರ್ ಅಲೆ ಬೆಳೆಯುವುದಿಲ್ಲ. ತಂತಿ ಬದಲಾದವರಲ್ಲಿ ಎಂದಿನಂತೆ ಬೆಳೆಯುತ್ತದೆ. ಬಲಗೈ ಮತ್ತು ಬಲಗಾಲಿನದು ಬದಲಾದರೆ ಲೀಡ್ 2 ಬಹುತೇಕ ನೇರ ಗೆರೆಯಾಗುತ್ತದೆ. ಎಡಗೈ ಮತ್ತು ಎಡಗಾಲಿನದು ಬದಲಾದಾಗ ಮಾತ್ರ ಕಣ್ಣಿಗೆ ಬೀಳುವುದು ಕಷ್ಟ. ಹಳೆಯ ಇಸಿಜಿಯೊಂದಿಗೆ ಹೋಲಿಸುವುದೇ ದಾರಿ.

ಗೆರೆಯಲ್ಲಿ ಗಲಿಬಿಲಿ ಇದ್ದರೆ ಎಲ್ಲವನ್ನೂ ಕಿತ್ತು ಮತ್ತೆ ಹಚ್ಚುವ ಅಗತ್ಯವಿಲ್ಲ. ಲೀಡ್ 1 ಮತ್ತು 2ರಲ್ಲಿದ್ದು 3ರಲ್ಲಿ ಇಲ್ಲದಿದ್ದರೆ ತೊಂದರೆ ಬಲಗೈಯಲ್ಲಿ. 1 ಮತ್ತು 3ರಲ್ಲಿದ್ದರೆ ಎಡಗೈ, 2 ಮತ್ತು 3ರಲ್ಲಿದ್ದರೆ ಎಡಗಾಲು. ಉಸಿರಿನೊಂದಿಗೆ ಮೇಲೆಕೆಳಗೆ ಹೊಯ್ದಾಡುವ ಗೆರೆಗೆ ಸಡಿಲ ಎಲೆಕ್ಟ್ರೋಡ್ ಅಥವಾ ಎಳೆದುಕೊಂಡ ತಂತಿ ಕಾರಣವಾಗಿರಬಹುದು. ಒಂದೇ ಸಮನೆ ದಪ್ಪ ಗೆರೆ ಬಂದರೆ ಹತ್ತಿರದ ವಿದ್ಯುತ್ ಉಪಕರಣ ನೋಡಿ. ಚಳಿಯಿಂದ ನಡುಗುವವರಿಗೆ ಹೊದಿಕೆ ಹೊದಿಸಿ ಎರಡು ನಿಮಿಷ ಕಾಯಿರಿ. ಫಿಲ್ಟರ್ ಕಡೆಯ ಉಪಾಯ. ಅದು ಗೆರೆಯನ್ನು ನಯ ಮಾಡುವಾಗ ಸಣ್ಣ ಕಚ್ಚುಗಳನ್ನೂ ಪೇಸ್‌ಮೇಕರಿನ ಮೊಳೆಗೆರೆಗಳನ್ನೂ (ಅದು ಮಿಡಿತ ಕೊಟ್ಟಾಗ ಮೂಡುವ ಮೊಳೆಯಂಥ ಗೆರೆಗಳು) ನುಂಗಿಬಿಡುತ್ತದೆ.

ತೆಗೆದ ಮೇಲೆ ಸೆಕೆಂಡಿಗೆ 25 ಮಿ.ಮೀ., ಮಿಲಿವೋಲ್ಟಿಗೆ 10 ಮಿ.ಮೀ. ಎಂಬ ಅಳತೆ ಇದೆಯೇ ನೋಡಿ. ಹೆಸರು, ದಿನಾಂಕ, ಸಮಯ ಸರಿಯಿವೆಯೇ ನೋಡಿ. ಆ ಕ್ಷಣ ನೋವು ಇತ್ತೇ, ಇಲ್ಲವೇ ಎಂದು ಬರೆಯಿರಿ. ಈ ಒಂದು ಪದಕ್ಕೆ ವೈದ್ಯರು ಕೊಡುವ ಬೆಲೆ ದೊಡ್ಡದು. ಮೊದಲ ಇಸಿಜಿ ಸರಿಯಿದ್ದೂ ನೋವು ಮುಂದುವರಿದರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು. ಎಲೆಕ್ಟ್ರೋಡ್‌ಗಳನ್ನು ಕೀಳದೆ ಬಿಟ್ಟರೆ, ಇಲ್ಲವೇ ಜಾಗವನ್ನು ಪೆನ್ನಿನಿಂದ ಗುರುತಿಟ್ಟರೆ ಹೋಲಿಕೆ ನಂಬಲು ಬರುತ್ತದೆ.

ಹಾಸಿಗೆ ಪಕ್ಕದ ಮಾನಿಟರ್

ಮಾನಿಟರಿನ ಗೆರೆ ಲಯ ನೋಡುವುದಕ್ಕೆ, ಎಸ್‌ಟಿ ಭಾಗದ (ಹೃದಯಾಘಾತದ ಸುಳಿವು ಕೊಡುವ ಭಾಗ) ಏರಿಳಿತ ತೀರ್ಮಾನಿಸುವುದಕ್ಕಲ್ಲ. ಅದರ ಫಿಲ್ಟರ್ ಎಸ್‌ಟಿಯನ್ನು ತಿರುಚುತ್ತದೆ. ಅನುಮಾನ ಬಂದರೆ 12 ಲೀಡ್ ಇಸಿಜಿ ತೆಗೆಯಿರಿ. ಎಲೆಕ್ಟ್ರೋಡ್‌ಗಳನ್ನು ದಿನಕ್ಕೊಮ್ಮೆ ಬದಲಿಸಿದರೆ ಸುಳ್ಳು ಅಲಾರಂ ಕಡಿಮೆಯಾಗುತ್ತದೆ, ಸಿಬ್ಬಂದಿಯ ಕಿವಿ ಅಲಾರಂಗೆ ಒಗ್ಗಿಹೋಗುವುದೂ ತಪ್ಪುತ್ತದೆ.

ಹಲ್ಲುಜ್ಜುವಾಗ ಬರುವ ಅಲುಗಾಟ ಪರದೆಯ ಮೇಲೆ ವೆಂಟ್ರಿಕಲ್‌ನ (ಹೃದಯದ ಕೆಳಕೋಣೆ) ಅಪಾಯಕರ ವೇಗದ ಲಯದಂತೆಯೇ ಕಾಣುತ್ತದೆ. ಹಾಗಾಗಿ ಅಲಾರಂ ಬಂದಾಗ ಮೊದಲು ರೋಗಿಯ ಮುಖ, ಆಮೇಲೆ ಪರದೆ. ಇದರ ತಿರುಗುಮುರುಗು ಇನ್ನೂ ಭಯಂಕರ. ಪೇಸ್‌ಮೇಕರ್ ಇರುವವರ ಹೃದಯ ನಿಂತಿದ್ದರೂ ಮೊಳೆಗೆರೆಗಳನ್ನೇ ಬಡಿತವೆಂದು ಎಣಿಸಿ ಮಾನಿಟರ್ ನಿಮಿಷಕ್ಕೆ 60 ಎಂದು ತೋರಿಸುತ್ತಿರಬಹುದು. ಅಂಥವರಿಗೆ ಮಾನಿಟರಿನಲ್ಲಿ ಪೇಸಿಂಗ್ (ಪೇಸ್‌ಮೇಕರ್ ಕೊಡುವ ಮಿಡಿತ) ಗುರುತಿಸುವ ಆಯ್ಕೆ ಚಾಲೂ ಮಾಡಿ. ಬೆರಳಿನ ಆಕ್ಸಿಜನ್ ಕ್ಲಿಪ್ಪಿನ ಅಲೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ, ಅನುಮಾನವಾದರೆ ನಾಡಿ ಹಿಡಿದು ನೋಡಿ.

ಹೋಲ್ಟರ್, ಟ್ರೆಡ್‌ಮಿಲ್, ಎಕೋ

ಹೋಲ್ಟರ್ ಎಂದರೆ ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ಯಂತ್ರ. 24 ಅಥವಾ 48 ಗಂಟೆಯ ಹೋಲ್ಟರಿನ ಬೆಲೆ ರೋಗಿಯ ದಿನಚರಿ ಚೀಟಿಯಲ್ಲಿದೆ. ತಲೆಸುತ್ತು ಬಂದದ್ದು ಎಷ್ಟು ಹೊತ್ತಿಗೆ, ಆಗ ಏನು ಮಾಡುತ್ತಿದ್ದರು ಎಂದು ಬರೆಯದಿದ್ದರೆ ಒಂದು ಲಕ್ಷ ಬಡಿತಗಳ ದಾಖಲೆ ಇದ್ದೂ ಉತ್ತರ ಸಿಗದೆ ಹೋಗಬಹುದು. ಯಂತ್ರದ ಗಡಿಯಾರವನ್ನೂ ರೋಗಿಯ ಗಡಿಯಾರವನ್ನೂ ಒಂದೇ ಸಮಯಕ್ಕೆ ಹೊಂದಿಸಿ ಕಳಿಸಿ. ಯಂತ್ರ ಮೈಮೇಲಿರುವಾಗ ಸ್ನಾನ ಬೇಡ, ಎಂದಿನ ಓಡಾಟ ಬೇಕು. ಎರಡು ಮೂರು ತಿಂಗಳಿಗೊಮ್ಮೆ ಪ್ರಜ್ಞೆ ತಪ್ಪುವವರಿಗೆ ಹೋಲ್ಟರ್ ಕಟ್ಟಿ ಸಮಾಧಾನಪಟ್ಟುಕೊಳ್ಳುವುದು ತಪ್ಪು. ಅವರಿಗೆ ಚರ್ಮದಡಿ ಇಡುವ ಲೂಪ್ ರೆಕಾರ್ಡರ್ ಬೇಕಾಗಬಹುದು.

ಟ್ರೆಡ್‌ಮಿಲ್‌ಗೆ ಬರುವವರು ಎರಡು ಮೂರು ಗಂಟೆ ಮೊದಲೇ ಊಟ ಮುಗಿಸಿರಲಿ, ಕಾಲಿಗೆ ಸರಿಯಾದ ಶೂ ಇರಲಿ. ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ನಿಲ್ಲಿಸಬೇಕೋ ಬೇಡವೋ ಎನ್ನುವುದು ಬರೆದುಕೊಟ್ಟ ವೈದ್ಯರ ತೀರ್ಮಾನ, ರೋಗಿಯಾಗಲಿ ನಾವಾಗಲಿ ತಾನಾಗಿ ನಿಲ್ಲಿಸಬಾರದು. ಟ್ರೆಡ್‌ಮಿಲ್ ಪರೀಕ್ಷೆಯ ಬ್ರೂಸ್ ಎಂಬ ಕ್ರಮದಲ್ಲಿ ಮೊದಲ 3 ನಿಮಿಷ ಗಂಟೆಗೆ 2.7 ಕಿ.ಮೀ. ವೇಗ, 10 ಶೇಕಡಾ ಏರು; ಮುಂದಿನ 3 ನಿಮಿಷ 4 ಕಿ.ಮೀ., 12 ಶೇಕಡಾ, ಆಮೇಲೆ 5.4 ಕಿ.ಮೀ. ಹಾಗೂ 14. ಪ್ರತಿ ಹಂತದಲ್ಲೂ ರಕ್ತದೊತ್ತಡ ನೋಡಿ. ಏರಬೇಕಾದ ಮೇಲಿನ ಒತ್ತಡ ಇಳಿಯತೊಡಗಿದರೆ, ಅದರಲ್ಲೂ ಎದೆನೋವು ಅಥವಾ ಇಸಿಜಿ ಬದಲಾವಣೆ ಜೊತೆಗಿದ್ದರೆ, ತಕ್ಷಣ ನಿಲ್ಲಿಸಿ. 220ರಿಂದ ವಯಸ್ಸು ಕಳೆದು ಅದರ 85 ಶೇಕಡಾ ಮುಟ್ಟಿಸಲೇಬೇಕೆಂದು ಹಟ ಹಿಡಿಯುವುದು ಬೇಡ. ಅದು ಪರೀಕ್ಷೆ ಸಾಕಷ್ಟಾಯಿತೇ ಎಂದು ಅಳೆಯುವ ಅಂಕಿ, ಗೆಲ್ಲಬೇಕಾದ ಗುರಿಯಲ್ಲ. ಮಹಾಪಧಮನಿಯ ಕವಾಟ ತೀವ್ರವಾಗಿ ಕಿರಿದಾಗಿ ಅದರ ಲಕ್ಷಣಗಳೂ ಇರುವವರನ್ನು, ಹೃದಯಾಘಾತವಾಗಿ 2 ದಿನ ದಾಟದವರನ್ನು, ಕೂತಲ್ಲೇ ಎದೆನೋವು ಬರುತ್ತಿರುವವರನ್ನು ಹತ್ತಿಸಬೇಡಿ. ಇಳಿದ ಮೇಲೂ ಕನಿಷ್ಠ 6 ನಿಮಿಷ ಇಸಿಜಿ ನೋಡುತ್ತಿರಿ, ಕೆಲವರಲ್ಲಿ ಬದಲಾವಣೆ ವಿಶ್ರಾಂತಿಯಲ್ಲೇ ಮೂಡುತ್ತದೆ.

ಎಕೋಗೆ (ಹೃದಯದ ಅಲ್ಟ್ರಾಸೌಂಡ್) ಎಡಮಗ್ಗುಲಾಗಿ ಮಲಗಿಸಿ ಎಡಗೈ ತಲೆಯಡಿಗೆ ಇಡಿಸಿ. ಹೃದಯ ಎದೆಗೋಡೆಗೆ ಹತ್ತಿರ ಬರುತ್ತದೆ, ಪಕ್ಕೆಲುಬಿನ ಸಂದು ತೆರೆದುಕೊಳ್ಳುತ್ತದೆ. ಆ ಹೊತ್ತಿನ ರಕ್ತದೊತ್ತಡವನ್ನು ವರದಿಯಲ್ಲಿ ಬರೆಯಲೇಬೇಕು. ಒತ್ತಡ ಹೆಚ್ಚಿದ್ದರೆ ಮೈಟ್ರಲ್ ಕವಾಟದ ಸೋರಿಕೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹೋದ ತಿಂಗಳು 50 ಇದ್ದ ಇಜೆಕ್ಷನ್ ಫ್ರಾಕ್ಷನ್ (ಒಂದು ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾ ಪಾಲು) ಈಗ 45 ಆಗಿದೆಯೆಂದು ಗಾಬರಿಯಾಗುವ ಮನೆಯವರಿಗೆ, ಅಷ್ಟು ವ್ಯತ್ಯಾಸ ಅಳೆಯುವ ಕೈಯಿಂದ ಕೈಗೂ ಬರುತ್ತದೆ ಎಂದು ಹೇಳಿ. ಅನ್ನನಾಳದ ಮೂಲಕ ಮಾಡುವ ಎಕೋಗೆ 6 ಗಂಟೆ ಊಟವಿಲ್ಲದೆ, 2 ಗಂಟೆ ನೀರೂ ಇಲ್ಲದೆ ಇರಬೇಕು, ಕಟ್ಟಿಸಿದ ಹಲ್ಲಿನ ಸೆಟ್ ತೆಗೆದಿಡಬೇಕು. ಗಂಟಲಿನ ಜೋಮು ಪೂರ್ತಿ ಹೋಗುವವರೆಗೆ ಕುಡಿಯಲು ಕೊಡಬೇಡಿ.

ಸಿಟಿ ಮತ್ತು ಎಂಆರ್‌ಐ

ಹೃದಯದ ರಕ್ತನಾಳಗಳ ಸಿಟಿಯಲ್ಲಿ ಚಿತ್ರ ಮಸುಕಾಗಲು ಮುಖ್ಯ ಕಾರಣ ವೇಗದ ಬಡಿತ. ನಿಮಿಷಕ್ಕೆ 60ರ ಆಸುಪಾಸಿಗೆ ಇಳಿದರೆ ಒಳ್ಳೆಯದು, ಅದಕ್ಕೇ ಮಾತ್ರೆ ಕೊಡುವುದು. ಬೆಳಿಗ್ಗೆ ಕುಡಿದ ಕಾಫಿ ಆ ಕೆಲಸ ಕೆಡಿಸುತ್ತದೆ. ಮೊಣಕೈ ಮಡಿಕೆಯ ದೊಡ್ಡ ರಕ್ತನಾಳದಲ್ಲಿ 18 ಅಥವಾ 20 ಗೇಜಿನ ಸೂಜಿ ಇರಲಿ, ಕೈಬೆನ್ನಿನ ಸಣ್ಣ ಸೂಜಿ ಆ ಒತ್ತಡ ತಡೆಯದೆ ಔಷಧ ಹೊರಗೆ ಸೋರಬಹುದು. ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ), ಹಿಂದೆ ಕಾಂಟ್ರಾಸ್ಟ್‌ನಿಂದ ಅಲರ್ಜಿ, ಮೆಟ್‌ಫಾರ್ಮಿನ್ ಬಳಕೆ ಕೇಳಿ. ನಾಲಿಗೆಯಡಿ ನೈಟ್ರೇಟ್ ಕೊಡುವುದರಿಂದ ಸಿಲ್ಡೆನಾಫಿಲ್, ಟಡಾಲಾಫಿಲ್ (ಲೈಂಗಿಕ ಸಮಸ್ಯೆಗೆ ತೆಗೆದುಕೊಳ್ಳುವ ಮಾತ್ರೆಗಳು) ತೆಗೆದುಕೊಂಡಿದ್ದಾರೆಯೇ ಎಂದು ಕೇಳಲೇಬೇಕು. ಮನೆಯವರ ಎದುರು ಕೇಳಬೇಡಿ, ನಿಜವಾದ ಉತ್ತರ ಬರುವುದಿಲ್ಲ. ಉಸಿರು ಹಿಡಿಯುವುದನ್ನು ಮೇಜಿನ ಮೇಲೆ ಮಲಗಿಸುವ ಮುಂಚೆಯೇ ಎರಡು ಸಲ ಅಭ್ಯಾಸ ಮಾಡಿಸಿ.

ಪೇಸ್‌ಮೇಕರ್ ಇದ್ದವರಿಗೆ ಎಂಆರ್‌ಐ ಆಗುವುದೇ ಇಲ್ಲ ಎಂಬುದು ಹಳೆಯ ಮಾತು. ಡಬ್ಬಿ (ಚರ್ಮದಡಿ ಇಡುವ ಬ್ಯಾಟರಿ ಪೆಟ್ಟಿಗೆ) ಮತ್ತು ತಂತಿ ಎರಡೂ ಎಂಆರ್‌ಐಗೆ ಹೊಂದುವಂಥವು ಎಂದು ತಯಾರಕರ ಪಟ್ಟಿಯಲ್ಲಿರಬೇಕು. ಡಬ್ಬಿ ಮಾತ್ರ ಹೊಸದಾಗಿ ತಂತಿ ಹಳೆಯದಾದರೆ ಆ ಜೋಡಿ ಪಟ್ಟಿಯೊಳಗೆ ಬರದೆ ಹೋಗಬಹುದು. ಬಳಸದೆ ಒಳಗೇ ಬಿಟ್ಟ ಹಳೆಯ ತಂತಿ ಇದೆಯೇ ಎಂದು ಎದೆಯ ಎಕ್ಸ್‌ರೇ ನೋಡಿ. ಸ್ಕ್ಯಾನಿಗೆ ಮೊದಲು ಪ್ರೋಗ್ರಾಮರಿನಿಂದ (ಒಳಗಿನ ಯಂತ್ರವನ್ನು ಹೊರಗಿನಿಂದ ಓದಿ ಹೊಂದಿಸುವ ಉಪಕರಣ) ಎಂಆರ್‌ಐ ಮೋಡ್, ಐಸಿಡಿಯಾದರೆ (ಅಪಾಯದ ಲಯ ಬಂದಾಗ ಒಳಗಿನಿಂದಲೇ ಶಾಕ್ ಕೊಡುವ ಯಂತ್ರ) ಶಾಕ್ ಚಿಕಿತ್ಸೆ ಬಂದ್. ಬಂದ್ ಇರುವಷ್ಟು ಹೊತ್ತೂ ಇಸಿಜಿ, ಆಕ್ಸಿಜನ್ ಮಾನಿಟರ್ ಮತ್ತು ಹೊರಗಿನ ಡಿಫಿಬ್ರಿಲೇಟರ್ (ಶಾಕ್ ಕೊಡುವ ಯಂತ್ರ) ಜೊತೆಗಿರಬೇಕು.

ಒಳಗೆ ಇಟ್ಟ ಯಂತ್ರದ ತಪಾಸಣೆ

ಮೊದಲು ರೋಗಿಯ ಕಾರ್ಡ್. ತಯಾರಕರು, ಮಾದರಿ, ಇಟ್ಟ ದಿನ, ಯಾಕೆ ಇಟ್ಟರು. ಕಾರ್ಡ್ ಕಳೆದುಹೋಗಿದ್ದರೆ ಎಕ್ಸ್‌ರೇಯಲ್ಲಿ ಡಬ್ಬಿಯ ಆಕಾರ, ಒಳಗಿನ ಗುರುತು ನೋಡಿ ತಯಾರಕರನ್ನು ಹಿಡಿಯಬಹುದು. ಒಬ್ಬರ ಪ್ರೋಗ್ರಾಮರ್ ಇನ್ನೊಬ್ಬರ ಯಂತ್ರವನ್ನು ಓದುವುದಿಲ್ಲ.

ಯಂತ್ರವಿರುವ ಜಾಗವನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ. ಕೆಂಪು, ಬಿಸಿ, ಕೀವು, ತೆಳುವಾಗಿ ಹೊಳೆಯುವ ಚರ್ಮ ಕಂಡರೆ ಆಗಲೇ ವೈದ್ಯರಿಗೆ ತಿಳಿಸಿ. ಊದಿಕೊಂಡಿದೆಯೆಂದು ಸೂಜಿ ಚುಚ್ಚಿ ರಕ್ತ ತೆಗೆಯಲು ಯಾರಿಗೂ ಬಿಡಬೇಡಿ. ಸೋಂಕು ಒಳಗೆ ಹೋಗುವ ನೇರ ದಾರಿ ಅದು. ಸೋಂಕಾದರೆ ಯಂತ್ರ, ತಂತಿ ಎರಡನ್ನೂ ಹೊರತೆಗೆಯಬೇಕಾಗುತ್ತದೆ.

ಇಸಿಜಿ ತಂತಿಗಳನ್ನು ಹಚ್ಚಿ, ಯಂತ್ರವನ್ನು ಓದಿಸಿ, ಮೊದಲ ಸೆಟ್ಟಿಂಗನ್ನು ಹಾಗೇ ಮುದ್ರಿಸಿಟ್ಟುಕೊಳ್ಳಿ. ಏನನ್ನೂ ಬದಲಿಸುವ ಮುಂಚೆ ಇದು ಆಗಿರಬೇಕು. ಆಮೇಲೆ ಬ್ಯಾಟರಿ. ಬದಲಿಸುವ ಸೂಚನೆ ಬಂದ ಮೇಲೂ ಸಾಮಾನ್ಯವಾಗಿ ಸುಮಾರು 3 ತಿಂಗಳ ಅವಕಾಶವಿರುತ್ತದೆ. ರೋಗಿ ಗಾಬರಿಯಾಗಬೇಕಿಲ್ಲ, ಆದರೆ ದಿನ ಗೊತ್ತುಮಾಡದೆ ಮನೆಗೆ ಕಳಿಸಬೇಡಿ.

ತಂತಿಯ ರೋಧ, ಅಂದರೆ ಇಂಪಿಡೆನ್ಸ್, ಸ್ಥೂಲವಾಗಿ 200ರಿಂದ 2000 ಓಮ್ ನಡುವೆ ಇರಬೇಕು. ಒಂದು ದಿನದ ಅಂಕಿಗಿಂತ ಅದರ ಹಾದಿ ಮುಖ್ಯ. ವರ್ಷಗಟ್ಟಲೆ 500 ಇದ್ದದ್ದು ಈಗ 1400 ಆಗಿದ್ದರೆ ಮಿತಿಯೊಳಗಿದ್ದರೂ ಅದು ಸುದ್ದಿ. ತಂತಿ ತುಂಡಾಗುತ್ತಿದ್ದರೆ ರೋಧ ಏರುತ್ತದೆ, ಹೊದಿಕೆ ಹರಿದರೆ ಇಳಿಯುತ್ತದೆ. ಶಸ್ತ್ರಚಿಕಿತ್ಸೆಯ ಮೊದಲ ದಿನಗಳಲ್ಲೇ ವಿಪರೀತ ಏರಿದ್ದರೆ ಡಬ್ಬಿಗೆ ತಂತಿ ಕೂಡಿಸುವ ಸ್ಕ್ರೂ ಬಿಗಿಯಾಗಿಲ್ಲದಿರಬಹುದು. ತಂತಿಯ ತುದಿ ಜಾಗ ಬಿಟ್ಟು ಸರಿದಿದ್ದರೆ ಮಾತ್ರ ರೋಧ ಸರಿಯಾಗಿಯೇ ಇದ್ದು ಮೋಸ ಮಾಡಬಹುದು. ಆಗ ಸುಳಿವು ಸಿಗುವುದು ಮುಂದಿನ ಎರಡು ಅಳತೆಗಳಲ್ಲಿ.

ಒಂದು, ಸೆನ್ಸಿಂಗ್. ಪೇಸಿಂಗ್ ಗತಿಯನ್ನು ತಾತ್ಕಾಲಿಕವಾಗಿ ಇಳಿಸಿ ಹೃದಯದ ಸ್ವಂತ ಬಡಿತ ನೋಡುವುದು. ಹತ್ತು ಹತ್ತಾಗಿ ಇಳಿಸಿ, ರೋಗಿಯೊಂದಿಗೆ ಮಾತಾಡುತ್ತಲೇ ಇರಿ. ತಲೆಸುತ್ತು ಎಂದ ಕೂಡಲೇ ಹಿಂದಿನ ಗತಿಗೆ ತನ್ನಿ. ಪೂರ್ತಿ ಪೇಸ್‌ಮೇಕರನ್ನೇ ನೆಚ್ಚಿದವರಲ್ಲಿ ಸ್ವಂತ ಬಡಿತ ಬರದೇ ಇರಬಹುದು. ‘ಸ್ವಂತ ಲಯವಿಲ್ಲ’ ಎಂದು ದೊಡ್ಡದಾಗಿ ಬರೆಯಿರಿ, ಮುಂದಿನವರಿಗೆ ಜೀವ ಉಳಿಸುವ ಮಾಹಿತಿ ಅದು.

ಎರಡು, ಥ್ರೆಶೋಲ್ಡ್, ಅಂದರೆ ಹೃದಯ ಬಡಿಯಲು ಬೇಕಾದ ಕನಿಷ್ಠ ವೋಲ್ಟೇಜ್. ಸ್ವಂತ ಬಡಿತಕ್ಕಿಂತ ಸುಮಾರು 10 ಹೆಚ್ಚು ಗತಿಯಲ್ಲಿ ಪೇಸ್ ಮಾಡುತ್ತಾ ವೋಲ್ಟೇಜ್ ಇಳಿಸುತ್ತಾ ಬನ್ನಿ. ಮೊಳೆಗೆರೆ ಇದ್ದೂ ಅದರ ಹಿಂದೆ ಬಡಿತ ಇಲ್ಲದ ಕ್ಷಣ ಗೆರೆಯ ಮೇಲೆ ಕಾಣುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದೇ ಥ್ರೆಶೋಲ್ಡ್. ಹಳೆಯ ತಂತಿಯಾದರೆ ಔಟ್‌ಪುಟ್ (ಯಂತ್ರ ಕೊಡುವ ವೋಲ್ಟೇಜ್) ಅದರ ಎರಡರಷ್ಟು ಇಡುವುದು ರೂಢಿ. ಹೊಸ ತಂತಿಯ ಸುತ್ತ ಮೊದಲ ವಾರಗಳಲ್ಲಿ ಉರಿಯೂತದಿಂದ ಥ್ರೆಶೋಲ್ಡ್ ಏರುವುದರಿಂದ ಆರಂಭದಲ್ಲಿ ಹೆಚ್ಚು ಔಟ್‌ಪುಟ್ ಇಟ್ಟು, ಸುಮಾರು 3 ತಿಂಗಳಿಗೆ ಇಳಿಸುತ್ತಾರೆ. ಇಳಿಸಲು ಮರೆತರೆ ಬ್ಯಾಟರಿ ಬೇಗ ಖಾಲಿ. ಥ್ರೆಶೋಲ್ಡ್ ಇದ್ದಕ್ಕಿದ್ದಂತೆ ಏರಿದರೆ ತಂತಿ ಸರಿದಿರುವುದರ ಜೊತೆಗೆ ರಕ್ತದ ಪೊಟಾಸಿಯಂ ಕೂಡ ನೋಡಿ. ಅದು ಹೆಚ್ಚಾದಾಗಲೂ, ಫ್ಲೆಕೈನೈಡ್‌ನಂಥ ಔಷಧದಿಂದಲೂ ಹೀಗಾಗುತ್ತದೆ.

ಆಮೇಲೆ ದಾಖಲಾದ ಘಟನೆಗಳು. ಯಂತ್ರ ಕೊಟ್ಟ ಹೆಸರನ್ನು ನಂಬದೆ ಒಳಗಿನ ಗೆರೆಯನ್ನು ನೀವೇ ನೋಡಿ. ‘ಅತಿವೇಗದ ಲಯ’ ಎಂದು ದಾಖಲಾದದ್ದು ತುಂಡಾಗುತ್ತಿರುವ ತಂತಿಯ ಕರಕರ ಸದ್ದಾಗಿರಬಹುದು. ಐಸಿಡಿ ಅದನ್ನೇ ನಂಬಿ ಎಚ್ಚರವಾಗಿರುವ ಮನುಷ್ಯನಿಗೆ ಶಾಕ್ ಕೊಡುತ್ತದೆ. ಅನುಮಾನವಿದ್ದರೆ ಆ ಕಡೆಯ ಕೈಯನ್ನು ಎತ್ತಿಸಿ, ತಿರುಗಿಸಿ ಗೆರೆ ನೋಡಿ.

ಮುಗಿಸುವಾಗ ತಾತ್ಕಾಲಿಕ ಬದಲಾವಣೆಗಳು ಹಿಂದಿರುಗಿವೆಯೇ ನೋಡಿ, ಕೊನೆಯ ಸೆಟ್ಟಿಂಗನ್ನು ಮೊದಲಿನದರ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿ. ಐಸಿಡಿಯ ಶಾಕ್ ಚಿಕಿತ್ಸೆ ಚಾಲೂ ಆಗಿದೆ ಎಂಬುದನ್ನು ಇಬ್ಬರು ನೋಡಿ ಸಹಿ ಹಾಕುವ ಪದ್ಧತಿ ಇಟ್ಟುಕೊಳ್ಳಿ. ಎಂಆರ್‌ಐ ಅಥವಾ ಶಸ್ತ್ರಚಿಕಿತ್ಸೆಗಾಗಿ ಬಂದ್ ಮಾಡಿ, ಮತ್ತೆ ಚಾಲೂ ಮಾಡಲು ಮರೆತು ಮನೆಗೆ ಕಳಿಸುವುದಕ್ಕಿಂತ ದೊಡ್ಡ ತಪ್ಪು ಈ ಕೆಲಸದಲ್ಲಿ ಇಲ್ಲ.

ಮ್ಯಾಗ್ನೆಟ್, ಶಾಕ್, ಮನೆಯ ಮಾನಿಟರ್

ಪೇಸ್‌ಮೇಕರಿನ ಮೇಲೆ ಮ್ಯಾಗ್ನೆಟ್ ಇಟ್ಟರೆ ಅದು ಸಾಮಾನ್ಯವಾಗಿ ಹೃದಯದ ಸ್ವಂತ ಬಡಿತವನ್ನು ಲೆಕ್ಕಿಸದೆ ಒಂದೇ ಗತಿಯಲ್ಲಿ ಪೇಸ್ ಮಾಡುತ್ತದೆ. ಮೆಡ್‌ಟ್ರಾನಿಕ್ ಕಂಪನಿಯದರಲ್ಲಿ ಬ್ಯಾಟರಿ ಸರಿಯಿದ್ದರೆ ಗತಿ 85, ಬದಲಿಸುವ ಕಾಲ ಬಂದಿದ್ದರೆ 65. ಬೋಸ್ಟನ್ ಸೈಂಟಿಫಿಕ್‌ನದರಲ್ಲಿ 100 ಮತ್ತು 85. ಐಸಿಡಿಯ ಮೇಲೆ ಇಟ್ಟರೆ ಶಾಕ್ ತಡೆಯಾಗುತ್ತದೆ, ಪೇಸಿಂಗ್ ಬದಲಾಗುವುದಿಲ್ಲ. ಇವೆರಡನ್ನು ಗೊಂದಲ ಮಾಡಿಕೊಂಡು ಶಸ್ತ್ರಚಿಕಿತ್ಸೆಗೆ ಹೋದರೆ ಅಪಾಯ. ಹೃದಯದೊಳಗೇ ಇಡುವ ತಂತಿಯಿಲ್ಲದ ಮೈಕ್ರಾ ಪೇಸ್‌ಮೇಕರಿಗೆ ಮ್ಯಾಗ್ನೆಟ್ ಗುರುತಿಸುವ ಭಾಗವೇ ಇಲ್ಲ. ಹೊರಗಿನಿಂದ ಡಿಫಿಬ್ರಿಲೇಟರ್ ಶಾಕ್ ಕೊಡಬೇಕಾದರೆ ಪ್ಯಾಡ್ ಡಬ್ಬಿಯಿಂದ ಕನಿಷ್ಠ 8 ಸೆಂ.ಮೀ. ದೂರವಿರಲಿ, ಆಮೇಲೆ ಯಂತ್ರದ ತಪಾಸಣೆ ಆಗಲಿ.

ಮನೆಗೆ ಹೋಗುವ ಐಸಿಡಿ ರೋಗಿಗೆ ಇದನ್ನು ಬರೆದುಕೊಡಿ: ಒಂದು ಶಾಕ್ ಆಗಿ ಮೈ ಹಗುರವಾಗಿದ್ದರೆ ಅದೇ ದಿನ ಕ್ಲಿನಿಕ್ಕಿಗೆ ತಿಳಿಸಿ. 24 ಗಂಟೆಯೊಳಗೆ ಎರಡಾದರೆ, ಅಥವಾ ಒಂದೇ ಆದರೂ ಎದೆನೋವು, ಉಸಿರುಗಟ್ಟುವಿಕೆ, ಪ್ರಜ್ಞೆ ತಪ್ಪುವುದು ಇದ್ದರೆ, ಕೂಡಲೇ ತುರ್ತು ಚಿಕಿತ್ಸೆಗೆ. ಮೊಬೈಲನ್ನು ಯಂತ್ರದಿಂದ 15 ಸೆಂ.ಮೀ. ದೂರದಲ್ಲಿ, ಎದೆಜೇಬಿನಲ್ಲಲ್ಲದೆ ಬೇರೆಡೆ ಇಡಬೇಕು. ಹೊಸದಾಗಿ ಇಟ್ಟವರು 4ರಿಂದ 6 ವಾರ ಆ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು. ಹಾಗೆಂದು ತೋಳು ಅಲ್ಲಾಡಿಸದೆ ಕಟ್ಟಿಕೊಂಡರೆ ಭುಜದ ಕೀಲು ಬಿಗಿದುಕೊಳ್ಳುತ್ತದೆ, ಅದನ್ನೂ ಹೇಳಿ.

ಮನೆಯಲ್ಲಿ ಮಂಚದ ಪಕ್ಕ ಇಡುವ ಮಾನಿಟರ್ ಸಾಮಾನ್ಯವಾಗಿ ರಾತ್ರಿ, ರೋಗಿ ನಿದ್ದೆಯಲ್ಲಿರುವಾಗ, ಯಂತ್ರದಿಂದ ಮಾಹಿತಿ ಪಡೆದು ಕಳಿಸುತ್ತದೆ. ಅದು ಮಂಚದಿಂದ ಎರಡು ಮೂರು ಮೀಟರಿನೊಳಗೆ, ನೆಟ್‌ವರ್ಕ್ ಸಿಗುವ ಕಡೆ, ಸದಾ ಪ್ಲಗ್ಗಿನಲ್ಲಿರಬೇಕು. ಕೋಣೆ ಬದಲಿಸಿದಾಗ ಹಳೆಯ ಕೋಣೆಯಲ್ಲೇ ಬಿಡುವುದು, ಚಾರ್ಜರಿಗಾಗಿ ಪ್ಲಗ್ ಕೀಳುವುದು: ಸಂಪರ್ಕ ತಪ್ಪುವುದು ಹೆಚ್ಚಾಗಿ ಇಂಥದ್ದರಿಂದಲೇ. ರಾತ್ರಿಯೆಲ್ಲ ಯಾರೋ ಕೂತು ತಮ್ಮ ಹೃದಯ ನೋಡುತ್ತಿದ್ದಾರೆಂದು ಹಲವರು ನಂಬುತ್ತಾರೆ. ಹಾಗಿಲ್ಲ. ಸಂದೇಶವನ್ನು ಕ್ಲಿನಿಕ್ ತೆರೆದಾಗ ನೋಡುತ್ತಾರೆ. ನೋವು ಬಂದರೆ ಮಾನಿಟರ್ ನೆಚ್ಚಿ ಕೂರಬಾರದು.

ಇನ್ನೊಂದು ವಿಷಯವನ್ನು ಕೇಳಲು ಮನೆಯವರು ಹಿಂಜರಿಯುತ್ತಾರೆ, ನಾವೇ ಎತ್ತಬೇಕು. ಕಡೆಯ ದಿನಗಳಲ್ಲಿರುವವರಿಗೆ ಐಸಿಡಿ ಶಾಕ್ ಕೊಡುತ್ತಾ ಹೋಗುವುದು ನೋವು ಮಾತ್ರ. ರೋಗಿ ಒಪ್ಪಿದರೆ ಶಾಕ್ ಚಿಕಿತ್ಸೆಯನ್ನಷ್ಟೇ ಪ್ರೋಗ್ರಾಮರಿನಿಂದ ನಿಲ್ಲಿಸಬಹುದು, ಪೇಸಿಂಗ್ ಮುಂದುವರಿಯುತ್ತದೆ. ಪ್ರೋಗ್ರಾಮರ್ ಬರುವುದು ತಡವಾದರೆ ಅಲ್ಲಿಯವರೆಗೆ ಡಬ್ಬಿಯ ಮೇಲೆ ಮ್ಯಾಗ್ನೆಟ್ ಟೇಪ್ ಹಾಕಿ ಅಂಟಿಸಿಡಿ. ತೀರಿಕೊಂಡ ಮೇಲೆ ದಹನ ಮಾಡುವುದಾದರೆ ಪೇಸ್‌ಮೇಕರ್, ಐಸಿಡಿ ಎರಡನ್ನೂ ಮೊದಲೇ ಹೊರತೆಗೆಯಬೇಕು, ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ಐಸಿಡಿಯನ್ನು ಬಂದ್ ಮಾಡದೆ ತಂತಿ ಕತ್ತರಿಸಿದರೆ ತೆಗೆಯುವವರ ಕೈಗೇ ಶಾಕ್ ಹೊಡೆಯಬಹುದು. ಹಾಗಾಗಿ ರೋಗಿಯ ಮೈಯಲ್ಲಿ ಯಂತ್ರವಿದೆ ಎಂಬ ಮಾತು ಫೈಲಿನ ಮೊದಲ ಪುಟದಲ್ಲೇ ಇರಲಿ.